ಬಾಣಂತನವಿಲ್ಲದ ಹಸಿ ಮೈ

ಶ್ರಾವಣದ ಬೆಳಗು, ರೋಣದ ಬಸ್ ನಿಲ್ದಾಣ. ರಾತ್ರಿ ಮಳೆ ಸುರಿದಿದೆ, ಎರೆಮಣ್ಣು ಎಲ್ಲರ ಕಾಲಿಗೂ ಮೆತ್ತಿಕೊಂಡು ಬಂದಿದೆ. ಹೆಂಗಸರು ಕಟ್ಟೆಯ ಅಂಚಿಗೆ ಚಪ್ಪಲಿ ತಿಕ್ಕುತ್ತಾರೆ, ಮಣ್ಣು ಬಿಡುವುದಿಲ್ಲ. ಹೆಸರು ಬಿಡಿಸುವ ಹೊತ್ತು ಇದು. ಬೆಳಕು ಹರಿಯುವುದರೊಳಗೆ ಅರ್ಧ ಊರು ಹೊಲ ಸೇರಿರುತ್ತದೆ. ಹಾಗಿದ್ದೂ ಕಲ್ಲುಬೆಂಚಿನ ತುದಿಯಲ್ಲಿ ಇಬ್ಬರು ಗದಗಿನ ಬಸ್ಸಿಗೆ ಕಾಯುತ್ತಾರೆ. ಒಬ್ಬಾಕೆ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ. ಇನ್ನೊಬ್ಬಾಕೆ ಇಬ್ಬರು ಮಕ್ಕಳ ತಾಯಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಸುತ್ತುತ್ತಾಳೆ. ಈ ಸೀಮೆಯಲ್ಲಿ ಓಡಾಡಿದವರಿಗೆ ಇಂಥ ಜೋಡಿ ಹೊಸದಲ್ಲ. ಹೆಸರು ಕೇಳುವಂತಿಲ್ಲ, ಕೇಳಲೂಬಾರದು.

"ಕಡೆಗಾಗಿ ಎಷ್ಟ ದಿನಾ ಆತು ತಂಗಿ?"

"ಹೆಸರು ಬಿತ್ತಿದ ವಾರ ಆಗಿದ್ನಿರಿ ಅಕ್ಕಾರ. ಆಮ್ಯಾಲ ಇಲ್ಲ."

ಆಶಾ ಬೆರಳು ಮಡಚಿ ಎಣಿಸುತ್ತಾಳೆ. ರೋಹಿಣಿ ಮಳೆಗೆ ಬಿತ್ತಿದ ಹೆಸರು ಈಗ ಕಾಯಿ ಕಪ್ಪಾಗಿ ಬಿಡಿಸಲು ಬಂದಿದೆ ಎಂದರೆ ಅರವತ್ತೈದೋ ಎಪ್ಪತ್ತೋ ದಿನ ಆಯಿತು. ಗುಳಿಗೆಯಲ್ಲಿ ಮುಗಿಯಬಹುದಾಗಿದ್ದ ಒಂಬತ್ತು ವಾರ, ಅಂದರೆ ಅರವತ್ಮೂರು ದಿನ, ದಾಟಿಹೋಗಿದೆ. ಇನ್ನು ದಾಖಲಾಗಬೇಕು. ಬಸಿರು ಪರೀಕ್ಷಿಸುವ ನಿಶ್ಚಯ್ ಕಿಟ್ಟು ಆಶಾಳ ಚೀಲದಲ್ಲೇ ಇತ್ತು, ಆದರೆ ಚೀಲ ಮನೆಗೆ ಬಂದಾಗಲೆಲ್ಲ ಅತ್ತೆ ಪಡಸಾಲೆಯಲ್ಲೇ ಕೂತಿರುತ್ತಿದ್ದಳು.

ರೋಣದಲ್ಲೇ ತಾಲೂಕು ಆಸ್ಪತ್ರೆ ಇರುವಾಗ ಗದಗಿನ ಬಸ್ಸೇಕೆ? ಊರ ಆಸ್ಪತ್ರೆಯ ಸರತಿಯಲ್ಲಿ ನಿಂತವರೆಲ್ಲ ಬೀಗರು, ನೆರೆಯವರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸು ಹೆಂಗಸರಿಗೆ ಪುಕ್ಕಟೆ; ಆಧಾರ್ ತೋರಿಸಿದರೆ ಶೂನ್ಯ ದರದ ಚೀಟಿ ಸಿಗುತ್ತದೆ. ಹೊಸ್ತಿಲು ದಾಟಲು ಹೇಳಬೇಕಾದ ಕಾರಣ ಮಾತ್ರ ಈಗಲೂ ಹೆಂಗಸೇ ಹುಡುಕಬೇಕು. ಹಲ್ಲುನೋವು ಅನ್ನಬೇಕು, ಇಲ್ಲವೇ ತವರಿನವರಿಗೆ ಮೈಯಲ್ಲಿ ಆರಾಮಿಲ್ಲ ಅನ್ನಬೇಕು. ಆ ಕಾರಣ ಹೊಂದಿಸುವುದಕ್ಕೆ ಒಂದು ವಾರ, ಕೂಲಿ ಬಿಡಲಾಗದೆ ಇನ್ನೊಂದು ವಾರ, ಗಂಡ ದುಡಿಯಲು ಹೋದ ಊರಿನಿಂದ ಬರಲೆಂದು ಮತ್ತೆರಡು ವಾರ. ತಡ ಮಾಡಿದವಳು ಎಂದು ಆಕೆಯನ್ನು ಬೈಯುವವರಿಗೆ ಈ ಲೆಕ್ಕ ಗೊತ್ತಿರಬೇಕು.

ಅದರಲ್ಲೂ ಗಂಡನಿಗಾಗಿ ಕಾದ ಎರಡು ವಾರ ಪೂರಾ ವ್ಯರ್ಥ. ಗರ್ಭಪಾತಕ್ಕೆ ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಡ. ಇದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲೇ ಇದೆ. ಬೇಡದ ಬಸಿರು ಮನಸ್ಸಿಗೆ ಮಾಡುವ ಗಾಯವನ್ನೂ ಆ ಕಾಯ್ದೆ ಕಾರಣವೆಂದು ಒಪ್ಪಿದೆ. 2021ರ ತಿದ್ದುಪಡಿ ಬಂದ ಮೇಲೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ಹುಡುಗಿಯರು, ಬಸಿರಿನಲ್ಲಿರುವಾಗಲೇ ಗಂಡನನ್ನು ಕಳಕೊಂಡವರು ಅಥವಾ ವಿಚ್ಛೇದನವಾದವರು ಮುಂತಾದವರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರದವರೆಗೂ ಅವಕಾಶವಿದೆ. ಮದುವೆಯಾಗದವರಿಗೂ ಈ ಹಕ್ಕು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು. ತೆಗೆಸಿಕೊಂಡವಳ ಹೆಸರು ಬಯಲು ಮಾಡಿದರೆ ಶಿಕ್ಷೆಯಿದೆ. ಇಷ್ಟೆಲ್ಲ ಇದ್ದೂ ಎಷ್ಟೋ ಕಡೆ ಮೊದಲು ಕೇಳುವುದು, "ನಿಮ್ಮ ಮನೆಯವರು ಬಂದಾರೇನು?"

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತವೆ. ಕೆಳಗೆ ಓಣಿಯೊಂದರಲ್ಲಿ ಕುಣಿಮಗ್ಗದ ಸದ್ದು. ಕುಣಿಯೊಳಗೆ ಕಾಲಿಳಿಸಿ ಕೂತು ಲಾಳಿ ಎಸೆಯುವ ಹೆಂಗಸಿನ ಪಕ್ಕದಲ್ಲಿ ಸೊಸೆ ಕಂಡಕಿ ಸುತ್ತುತ್ತಿದ್ದಾಳೆ. ಆಕೆಗೆ ಐದು ತಿಂಗಳು ನಡೆದಿದೆ, ಬಯಸಿ ಬಯಸಿ ಆದ ಬಸಿರು. ಮೊದಲ ತಿಂಗಳುಗಳಲ್ಲಿ ಗುಟ್ಟಾಗಿ ಕಳ್ಳಕುಬಸ ಆಗಿದೆ; ಈಗ ಹಸಿರು ಸೀರೆ, ಹಸಿರು ಬಳೆ, ಬೀಗರ ಊಟದ ಕುಬಸ ಬರಬೇಕು. ನಮ್ಮ ಕಡೆ ಭೂಮಿಗೂ ಬಯಕೆ ತೀರಿಸುತ್ತಾರೆ. ಸೀಗಿ ಹುಣ್ಣಿಮೆಯ ದಿನ ತುಂಬಿದ ಹೊಲವನ್ನು ಬಸುರಿಯೆಂದು ಬಗೆದು ಚರಗ ಚೆಲ್ಲುವ ನಾಡು ಇದು. ಆದರೆ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಬೀಳುವುದೂ ಇದೇ ಐದನೇ ತಿಂಗಳಲ್ಲಿ, 18ರಿಂದ 20 ವಾರದ ನಡುವೆ. ಮಗುವಿನ ತಲೆಬುರುಡೆಯೇ ಬೆಳೆದಿಲ್ಲ ಎಂಬ ಮಾತು ಕೆಲವರ ಕಿವಿಗೆ ಬೀಳುವುದು ಕುಬಸದ ಸೀರೆ ತಂದಿಟ್ಟ ವಾರದಲ್ಲೇ. ಸ್ಕ್ಯಾನಿಗೆ ದಿನ ಸಿಗದೆ ಎರಡು ವಾರ ಜಾರಿದರೆ 20 ದಾಟುತ್ತದೆ, ಇಬ್ಬರು ವೈದ್ಯರು ಬೇಕಾಗುತ್ತಾರೆ. 24 ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಮಗು ಒದೆಯುವುದು ತಾಯಿಗೆ ಗೊತ್ತಾಗತೊಡಗಿದ ಮೇಲಿನ ದಿನಗಳು ಇವು. ಇಂಥವಳ ದುಃಖಕ್ಕೂ ರೋಣದ ಬೆಂಚಿನ ಮೇಲೆ ಕೂತವಳ ಸಂಕಟಕ್ಕೂ ಒಂದೇ ಹೆಸರು ಇಡಬಾರದು. ಒಬ್ಬಾಕೆ ಬೇಡದ್ದನ್ನು ಬಿಟ್ಟು ಬರುತ್ತಾಳೆ, ಇನ್ನೊಬ್ಬಾಕೆ ಬೇಕಾದದ್ದನ್ನು ಕಳಕೊಂಡು ಬರುತ್ತಾಳೆ.

ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ಕಳಕೊಳ್ಳುತ್ತಿದ್ದುದೂ ಬೇಕಾದ ಬಸಿರನ್ನೇ. ಹಲ್ಲಿನ ವೈದ್ಯೆ, 31 ವರ್ಷ, ಐರ್ಲೆಂಡಿನ ಗಾಲ್ವೇಯಲ್ಲಿ ಸಂಸಾರ. 17 ವಾರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತಾಯಿತು. ತೆಗೆಯಿರಿ ಎಂದು ಕೇಳಿದಳು. ಒಳಗೆ ಎದೆಬಡಿತ ಇರುವತನಕ ಆಗದು ಎಂದರು. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡಳು. ಐದೂವರೆ ವರ್ಷಗಳ ನಂತರ, 2018ರ ಮೇ 25ರಂದು, ಆ ದೇಶದಲ್ಲಿ ಮತ ಹಾಕಿದವರ ಪೈಕಿ ಶೇ 66.4 ಮಂದಿ ಗರ್ಭಪಾತದ ಮೇಲಿನ ಸಂವಿಧಾನದ ನಿಷೇಧವನ್ನು ತೆಗೆದುಹಾಕಿದರು. ನಮ್ಮ ಸೀಮೆಯ ಹೆಣ್ಣುಮಗಳೊಬ್ಬಳ ಸಾವು ಅಷ್ಟು ದೂರದ ಕಾನೂನನ್ನು ಬದಲಿಸಿತು. ಇಲ್ಲಿ ಕಾನೂನು ಮೊದಲೇ ಇತ್ತು, ಅದು ಇದೆ ಎಂಬ ಸುದ್ದಿ ಮಾತ್ರ ಓಣಿಗೆ ಬರಲಿಲ್ಲ.

ನರಗುಂದದ ಗುಡ್ಡದ ಕೆಳಗೆ ಹುಬ್ಬಳ್ಳಿ-ವಿಜಯಪುರ ಹೆದ್ದಾರಿ ಹಾದುಹೋಗುತ್ತದೆ. 1858ರಲ್ಲಿ ಇಲ್ಲಿನ ದೊರೆ ಬಾಬಾಸಾಹೇಬ ಬ್ರಿಟಿಷರಿಗೆ ತಿರುಗಿಬಿದ್ದ ಊರು, 1980ರ ಜುಲೈನಲ್ಲಿ ರೈತರು ಎದ್ದುನಿಂತ ಊರು. ಸಂಜೆ ಔಷಧದಂಗಡಿಗಳ ದೀಪ ಹತ್ತುತ್ತವೆ. ನಮ್ಮ ರಾಜ್ಯದ ಯಾವ ಪೇಟೆಯಲ್ಲೂ ಕಾಣುವ ಹಾಗೆ, ಗಂಡಸೊಬ್ಬ ಗಿರಾಕಿಗಳು ಕರಗುವವರೆಗೆ ನಿಂತು, ದನಿ ತಗ್ಗಿಸಿ ಕೇಳುತ್ತಾನೆ, ಕಾಗದದಲ್ಲಿ ಸುತ್ತಿದ್ದನ್ನು ಕಿಸೆಗಿಳಿಸುತ್ತಾನೆ. 2015ರಲ್ಲಿ ಭಾರತದಲ್ಲಿ ಆದ ಗರ್ಭಪಾತ ಸುಮಾರು 1 ಕೋಟಿ 56 ಲಕ್ಷ ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು ಅಂದಾಜು ಪ್ರಕಟಿಸಿತು. ಅದರಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ, ಗುಳಿಗೆಯಲ್ಲಿ ಆದವು. ಗುಳಿಗೆ ಕೆಟ್ಟದ್ದಲ್ಲ. ಮೊದಲು ಮಿಫೆಪ್ರಿಸ್ಟೋನ್, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ದಿನ ಸರಿಯಾಗಿ ಎಣಿಸಿ, ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಸುರಕ್ಷಿತ. ಕೆಟ್ಟದ್ದು ಆ ರಾತ್ರಿಯ ಒಂಟಿತನ. ಮನೆಮಂದಿಯೆಲ್ಲ ಮಲಗಿದ ಮೇಲೆ ಬಚ್ಚಲಲ್ಲಿ ಕುಂತು, ಹೊಟ್ಟೆ ಹಿಡಿದು, ಇಷ್ಟು ರಕ್ತ ಸರಿಯೋ ಹೆಚ್ಚೋ ತಿಳಿಯದೆ, ಯಾರನ್ನೂ ಕೂಗಲಾಗದೆ ಬೆಳಗು ಮಾಡುವುದು. ತಾಸಿಗೆ ಎರಡು ಪ್ಯಾಡು ಪೂರ್ತಿ ತೊಯ್ದು ಹಾಗೇ ಎರಡು ತಾಸು ನಡೆದರೆ, ಜ್ವರ ಇಳಿಯದಿದ್ದರೆ, ದುರ್ವಾಸನೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನಾದರೂ ಆ ಕಾಗದದ ಪೊಟ್ಟಣದ ಜತೆ ಯಾರಾದರೂ ಹೇಳಿ ಕಳಿಸಬೇಕಿತ್ತು.

"ತೆಗಿಸ್ಕೊಂಡಾಕಿ ತಲಿ ಕೆಡ್ತೈತಿ, ತಿಂಗಳು ಹೆಚ್ಚಾದಷ್ಟು ಹೆಚ್ಚು ಕೆಡ್ತೈತಿ" ಎಂಬ ಮಾತು ಕಟ್ಟೆಗಳ ಮೇಲೆ ಓಡಾಡುತ್ತದೆ. ಅಮೆರಿಕದಲ್ಲಿ ಸಂಶೋಧಕಿ ಡಯಾನಾ ಗ್ರೀನ್ ಫೋಸ್ಟರ್ ಅವರ ತಂಡ ಇದನ್ನೇ ಕೆದಕಿ ನೋಡಿತು. 30 ಆಸ್ಪತ್ರೆಗಳ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ಮಾತಾಡಿಸುತ್ತ ಹೋಯಿತು. ಮೊದಲ ಮೂರು ತಿಂಗಳಲ್ಲಿ ತೆಗೆಸಿಕೊಂಡವರಿಗೂ ಅಲ್ಲಿನ ಗಡುವಿನ ಹತ್ತಿರ ಬಂದು ತೆಗೆಸಿಕೊಂಡವರಿಗೂ ಮನಸ್ಸಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಐದು ವರ್ಷದ ಮೇಲೂ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಮಾಡಿದ್ದು ಸರಿ ಎಂದರು. ಮೊದಲ ದಿನಗಳಲ್ಲಿ ಹೆಚ್ಚು ಕಳವಳ ಕಂಡದ್ದು ಗಡುವು ಮೀರಿತೆಂದು ವಾಪಸು ಕಳಿಸಿದವರಲ್ಲಿ. ಜನ ಏನಂದಾರು ಎಂಬ ಅಂಜಿಕೆ ಇದ್ದವರಲ್ಲಿ ನೋವು ವರ್ಷಗಟ್ಟಲೆ ಉಳಿಯಿತು. ಮಗುವಿನ ದೋಷದ ಕಾರಣಕ್ಕೆ ತೆಗೆಸಿಕೊಂಡವರು ಆ ಲೆಕ್ಕದಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಕುಬಸದ ವಾರದಲ್ಲಿ ಬೇಕಾದ ಬಸಿರನ್ನು ಕಳಕೊಂಡವಳ ದುಃಖಕ್ಕೆ ಆ ಅಧ್ಯಯನದಲ್ಲಿ ಉತ್ತರವಿಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ನಡೆದ ದೊಡ್ಡ ಪರಿಶೀಲನೆಯೂ ಬೇಡದ ಬಸಿರನ್ನು ಹೆತ್ತರೂ ತೆಗೆಸಿದರೂ ಮನೋರೋಗದ ಪ್ರಮಾಣ ಒಂದೇ ಎಂದಿತು. ಮೊದಲೇ ಮನಸ್ಸು ಕುಗ್ಗಿದ್ದವರನ್ನು ಹೆಚ್ಚು ಜೋಪಾನ ಮಾಡಬೇಕೆಂದಿತು.

ಅಂದರೆ ವಾರ ಹೆಚ್ಚಾದಂತೆ ಮೈಗೆ ಅಪಾಯ ಹೆಚ್ಚುತ್ತದೆ, ಅದು ನಿಜ. ಮನಸ್ಸನ್ನು ಹಿಂಡುವುದು ವಾರಕ್ಕಿಂತ ಆ ವಾರಗಳನ್ನು ಮುಚ್ಚಿಟ್ಟು ಕಳೆದ ಬಗೆ. ಈ ಮೂರು ತಾಲೂಕುಗಳ ಓಣಿಗಳಲ್ಲಿ ನನಗೆ ಕಂಡದ್ದೂ ಅದೇ.

ಹೆತ್ತವಳಿಗೆ ನಮ್ಮಲ್ಲಿ ಬಾಣಂತನವಿದೆ. ಹಂಡೆ ಹಂಡೆ ಬಿಸಿನೀರು, ಹೊರಸಿನ ಕೆಳಗೆ ಕೆಂಡದ ಬುಟ್ಟಿ, ಕಿವಿಗೆ ಹತ್ತಿ, ಅಂಟಿನುಂಡೆ, ಹತ್ತಿರ ಕೂತು ಮಾತಾಡಲು ತವರಿನವರು. ಬಸಿರು ಇಳಿದವಳ ಮೈಯೂ ಹಸಿಯೇ. ಎದೆಯಲ್ಲಿ ಹಾಲು ಬರುವುದೂ ಉಂಟು, ಐದನೇ ತಿಂಗಳಲ್ಲಿ ಕಳಕೊಂಡವಳಿಗಂತೂ ಬರುತ್ತದೆ. ಆಕೆ ಮರುದಿನ ಸೆರಗು ಸಿಕ್ಕಿಸಿ ಹೆಸರು ಬಿಡಿಸಲು ಹೋಗುತ್ತಾಳೆ, ಹೋಗದಿದ್ದರೆ ಕಾರಣ ಹೇಳಬೇಕಾಗುತ್ತದೆ. ನಿದ್ದೆ ಬರದೆ, ಅನ್ನ ಸೇರದೆ, ಸುಮ್ಮಸುಮ್ಮನೆ ಅಳು ಬಂದು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಬೇಕು ಎಂದು ಆಕೆಗೆ ಹೇಳುವವರಿಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರಲೆಂದೇ ಸರ್ಕಾರ ಮನೋಚೈತನ್ಯ ಎಂಬ ಕಾರ್ಯಕ್ರಮ ತಂದಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ: 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸಂಜೆಯ ಬಸ್ಸಿಗೆ ಅವರಿಬ್ಬರೂ ರೋಣಕ್ಕೆ ಮರಳುತ್ತಾರೆ. ಆಕೆ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಾಳೆ, ಆಶಾ ಆಕೆಯ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ. "ನಾಳಿ ಹೊಲಕ್ಕ ಹೋಗಬ್ಯಾಡ ತಂಗಿ, ಮನಿಯಾಗ ನಾ ಹೇಳ್ತೀನಿ" ಎನ್ನುತ್ತಾಳೆ. ಆಕೆ ಕಣ್ಣು ತೆರೆಯದೆ ತಲೆಯಾಡಿಸುತ್ತಾಳೆ.

ಇದನ್ನು ಓದುವ ಅತ್ತೆಯರೇ, ಅಕ್ಕಂದಿರೇ, ಗಂಡಂದಿರೇ, ನಿಮ್ಮ ಮನೆಯ ಹೆಣ್ಣುಮಗಳು ಹೀಗೆ ಬಂದ ಸಂಜೆ ಏನೂ ವಿಚಾರಣೆ ಮಾಡಬೇಡಿ. ಒಂದು ಹಂಡೆ ನೀರು ಕಾಯಿಸಿಕೊಡಿ, ನಾಲ್ಕು ದಿನ ಮಲಗಲು ಬಿಡಿ, ಹತ್ತಿರ ಕೂತು "ಹೆಂಗದೀ ಯವ್ವಾ?" ಎಂದು ಕೇಳಿ.