ಎರಡು ಹೊಳೆಗಳ ನಡುವಣ ಎರೆಭೂಮಿ

ನಕಾಶೆಯಲ್ಲಿ ವಿಜಯಪುರ ಜಿಲ್ಲೆಯ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಎರಡು ಮಹಾನದಿಗಳ ತೆಕ್ಕೆಯಲ್ಲಿರುವ ಸೀಮೆಯೊಂದು ಶತಮಾನಗಳ ಕಾಲ ಬಾಯಾರಿ ಬಳಲಿತೆಂದರೆ ಹೊರಗಿನವರು ನಂಬಲಾರರು. ಆದರೆ ಇಲ್ಲಿ ಹೊಳೆ ಹರಿಯುವುದು ತಗ್ಗಿನಲ್ಲಿ, ಹೊಲವಿರುವುದು ದಿಬ್ಬದ ಮೇಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಾಳುವೆಯನ್ನು ನಿರ್ಣಯಿಸಿದುದು ಈ ಅಂತರವೇ.

ಸರಕಾರಗಳು ಎಳೆದ ಗೆರೆಗಳು ಪದೇ ಪದೇ ಬದಲಾಗಿವೆ. ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯ ಕಚೇರಿ 1885ರಲ್ಲಿ ವಿಜಾಪುರಕ್ಕೆ ಬಂದಿತು. 1956ರಲ್ಲಿ ಜಿಲ್ಲೆ ಕನ್ನಡ ರಾಜ್ಯವನ್ನು ಸೇರಿತು. 1997ರಲ್ಲಿ ಬಾಗಲಕೋಟೆ ಬೇರೆಯಾಯಿತು. 2014ರಲ್ಲಿ ವಿಜಾಪುರವು ವಿಜಯಪುರವಾಯಿತು. ಈಚೆಗೆ ಈ ನಾಲ್ಕು ತಾಲೂಕುಗಳೂ ಒಡೆದು ಚಡಚಣ, ಆಲಮೇಲ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲೂಕುಗಳು ಹುಟ್ಟಿವೆ.

ಬದಲಾಗದಿರುವುದು ಡೋಣಿಯ ಸ್ವಭಾವ. ಜತ್ತದ ಕಡೆಯಿಂದ ಬರುವ ಈ ಸಣ್ಣ ಹೊಳೆಯ ನೀರು ಉಪ್ಪು. ಪಾತ್ರವೋ ಹೂಳಿನಿಂದ ತುಂಬಿ ಮಳೆಗಾಲದಲ್ಲಿ ಹೊಲಗಳಿಗೆ ನುಗ್ಗುವಂಥದು. ಆದರೂ ಅದರ ದಂಡೆಯ ಎರೆಮಣ್ಣಿನಷ್ಟು ಉದಾರವಾದ ನೆಲ ವಿರಳ. ಹಿಂಗಾರಿ ಮಳೆಯ ಹಸಿಯನ್ನು ಹಿಡಿದಿಟ್ಟುಕೊಂಡು, ಮುಂದೆ ಹನಿ ಬೀಳದಿದ್ದರೂ ಅದು ಬಿಳಿಜೋಳವನ್ನು ತೆನೆಗೆ ತರುತ್ತದೆ. ಆ ಮಳೆಯೇ ಕೈಕೊಟ್ಟರೆ ಗತಿಯೇನು? 1876-78ರ ಮಹಾ ಬರಗಾಲದ ತರುವಾಯ ನಡೆದ 1881ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಹಿಂದಿನ ಗಣತಿಗಿಂತ ಕುಸಿದಿತ್ತು.

ಇಂತಹ ನೆಲ ವಿದ್ಯೆಗೆ ಬಡವಾಗಿರಲಿಲ್ಲವೆಂಬುದು ಸೋಜಿಗ. ಇಂಡಿಯ ಬಳಿಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನು ಕುರಿತು 945ರ ಶಾಸನವಿದೆ. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳ ದೀಪದ ಎಣ್ಣೆಗೂ ಅಲ್ಲಿ ಭೂದಾನ ಉಂಟು! ಬಾಗೇವಾಡಿ ಬಸವಣ್ಣನವರ ಜನ್ಮಭೂಮಿಯೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಭೀಮೆಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಹೆಣ್ಣುಮಕ್ಕಳ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು.

ನೀರು ಹೊಲಕ್ಕೆ ಏರಿದುದು ತೀರ ಈಚೆಗೆ. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಅಣೆಕಟ್ಟು ಮುಗಿಯಲು ನಾಲ್ಕು ದಶಕಗಳೇ ಹಿಡಿದವು. ನಾರಾಯಣಪುರದ ಎಡದಂಡೆಯಿಂದ ಕವಲೊಡೆದ ಕಾಲುವೆಯೊಂದು ಸಿಂದಗಿಯನ್ನು ಹಾಯ್ದು ಇಂಡಿಯತ್ತ ಸಾಗಿದೆ. ಇಂಡಿಯ ಲಿಂಬೆ ಇಂದು ದೇಶಕ್ಕೆಲ್ಲ ಪರಿಚಿತ. ಆದರೆ ಈ ನೀರಿಗೆ ತೆತ್ತ ಬೆಲೆಯನ್ನು ಕೃಷ್ಣೆಯ ದಂಡೆಯ ಊರುಗಳನ್ನು ಕೇಳಬೇಕು. ಹಳೆಯ ಕೊಲ್ಹಾರ ಹಿನ್ನೀರಿನಲ್ಲಿ ಮುಳುಗಿ, ಊರು ಎತ್ತರದ ನೆಲಕ್ಕೆ ಸರಿಯಿತು. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಅಲ್ಲಿಯ ಹೆಸರಾಂತ ಮೊಸರು ಈಗಲೂ ಹೆದ್ದಾರಿಯ ಪ್ರಯಾಣಿಕರಿಗೆ ದೊರೆಯುತ್ತದೆ.