ಪಾಯಕ್ಕೆ ಮುಂಚೆ ಪಹಣಿ!

ಗುಬ್ಬಿ ರಸ್ತೆ ಇರಲಿ, ಕುಣಿಗಲ್ ರಸ್ತೆ ಇರಲಿ, ತುಮಕೂರು ಬಿಟ್ಟ ಬಸ್ಸಿನ ಕಿಟಕಿಯಿಂದ ಕಣ್ಣು ಹಾಯಿಸಿದರೆ ಸಾಕು. ನಿನ್ನೆ ರಾಗಿ ಬೆಳೆದ ಹೊಲದಲ್ಲಿ ಇವತ್ತು ಸೈಟಿನ ಕಲ್ಲು! ಅಗ್ಗಕ್ಕೆ ಸಿಗ್ತು ಅಂತ ಅಡ್ವಾನ್ಸ್ ಕೊಟ್ಟು, ಮರುದಿನವೇ ಗುದ್ದಲಿ ಪೂಜೆಗೆ ಮುಹೂರ್ತ ಕೇಳುವವರಿಗೇನೂ ಕಡಿಮೆಯಿಲ್ಲ.

ಮೊದಲು ನೋಡಬೇಕಾದ್ದು ಪಂಚಾಂಗವಲ್ಲ, ಪಹಣಿ. ವ್ಯವಸಾಯದ ಜಮೀನನ್ನು ಪರಿವರ್ತಿಸುವ ವಿಧಿ ಇರುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂನಲ್ಲಿ. ಪರಿವರ್ತನೆ ಆಗಿದೆಯಾ? ಕಾಗದ ಕೇಳಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಕ್ರಯ ಊರ್ಜಿತವಲ್ಲ. ಕಟ್ಟಿದ ಮನೆಯೂ ಕೈಬಿಟ್ಟೀತು.

ಕಾಗದ ಸರಿಯಿದ್ದರೆ ಆಮೇಲೆ ಮಣ್ಣು. ತುಮಕೂರಿನ ಅಮಾನಿಕೆರೆಯಾಗಲಿ, ಕುಣಿಗಲ್ ದೊಡ್ಡಕೆರೆಯಾಗಲಿ, ಕೋಡಿ ನೀರು ತನ್ನ ಹಳೇ ದಾರಿ ಮರೆಯೋದಿಲ್ಲ. ಗ್ರಾಮನಕ್ಷೆಯಲ್ಲಿ ಹಳ್ಳ, ಕಾಲುವೆ ಗುರುತಿದೆಯಾ ನೋಡಿ. ಕೆರೆಗೋಡು ತೆಂಗಿನ ಬುಡಕ್ಕೆ ಚಿನ್ನ, ಮನೆ ಬುಡಕ್ಕೆ ಶನಿ. ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಗೋಡೆ ಬಿರುಕು ಬಿಡಿಸುತ್ತದೆ. ತಗ್ಗಿಗೆ ಗೊಚ್ಚು ಮಣ್ಣು ಪದರಪದರವಾಗಿ ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡೆಸಿ. ಪಾಯ ಮಾತ್ರ ತುಂಬಿದ ಮಣ್ಣಿನ ಮೇಲಲ್ಲ, ಕೆಳಗಿನ ಗಟ್ಟಿ ನೆಲದ ಮೇಲೇ ಕೂರಬೇಕು.

ಮನೆ ಅಂದ್ರೆ ಒಂದು ಜನ್ಮದ ಸಂಪಾದನೆ. ಗುದ್ದಲಿ ಪೂಜೆ ಒಂದು ತಿಂಗಳು ತಡವಾದರೆ ಯಾರಪ್ಪನ ಗಂಟೂ ಹೋಗುವುದಿಲ್ಲ!