ಹಾಲುಹಲ್ಲಿನ ಸಾಕ್ಷಿ

1950ರ ದಶಕದಲ್ಲಿ ಒಂದು ದಿನ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಗೆ ಮೂರು ವರ್ಷದ ಹೆಣ್ಣುಮಗುವೊಂದನ್ನು ತಂದರು. ಮೈಗೆಲ್ಲ ಸೀಸದ ವಿಷ ಏರಿ ಮಗು ಮಂಕಾಗಿ ಬಿದ್ದಿತ್ತು. ಆಗಿನ ಹಳೇ ಮನೆಗಳ ಗೋಡೆ, ಕಿಟಕಿಗಳಿಗೆ ಬಳಿದದ್ದು ಸೀಸದ ಬಣ್ಣ. ಅದು ಹಕ್ಕಳೆಯಾಗಿ ಉದುರುತ್ತಿತ್ತು, ಮಕ್ಕಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಔಷಧಿ ಕೊಟ್ಟು ಮಗುವನ್ನು ಉಳಿಸಿದ ಎಳೆಯ ವೈದ್ಯ ಹರ್ಬರ್ಟ್ ನೀಡಲ್‌ಮನ್, ಇನ್ನು ಆ ಮನೆಗೆ ವಾಪಸ್ ಹೋಗಬೇಡಿ ಎಂದು ತಾಯಿಗೆ ಹೇಳಿದರು. ಮತ್ತೆಲ್ಲಿಗೆ ಹೋಗಲಿ, ನಮಗೆ ದಕ್ಕುವ ಬಾಡಿಗೆ ಮನೆಗಳೆಲ್ಲ ಹೀಗೇ ಇರುವುದಲ್ಲವೇ ಎಂದಳು ಆಕೆ. ವೈದ್ಯರ ಬಳಿ ಉತ್ತರವಿರಲಿಲ್ಲ.

ಸೀಸ ವಿಷವೆಂಬುದು ಹೊಸ ಸಂಗತಿಯಲ್ಲ. ಆದರೆ ಆ ಕಾಲದ ವೈದ್ಯರ ಲೆಕ್ಕ ಸರಳವಾಗಿತ್ತು: ವಿಷ ಏರಿದ ಮಗು ಸಾಯುತ್ತದೆ, ಇಲ್ಲವೇ ಚೇತರಿಸಿಕೊಳ್ಳುತ್ತದೆ. ಕಾಯಿಲೆಯ ಲಕ್ಷಣವೇ ಇಲ್ಲದ ಮಗುವಿಗೆ ಏನೂ ಆಗಿಲ್ಲ. 1960ರ ದಶಕದಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂ ಸೀಸ ಇರುವವರೆಗೂ ಚಿಂತೆಯಿಲ್ಲ ಎನ್ನುತ್ತಿದ್ದರು. ನೀಡಲ್‌ಮನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಬಡಕೇರಿಗಳಲ್ಲಿ ಓದಲು ತಡವರಿಸುವ, ಮಾತಿಗೆ ಪದ ಸಿಗದೆ ಒದ್ದಾಡುವ ಹುಡುಗರನ್ನು ಅವರು ನೋಡುತ್ತಿದ್ದರು. ಇವರಲ್ಲಿ ಎಷ್ಟು ಮಂದಿ ಎಂದೋ ಸೀಸ ತಿಂದವರು?

ಅನುಮಾನವನ್ನು ರುಜುವಾತು ಮಾಡುವುದು ಹೇಗೆ ಎಂಬುದೇ ತೊಡಕು. ರಕ್ತಕ್ಕೆ ನೆನಪು ಕಡಿಮೆ. ಒಳಸೇರಿದ ಸೀಸದ ಅರ್ಧದಷ್ಟು ಸುಮಾರು ಒಂದು ತಿಂಗಳಲ್ಲಿ ರಕ್ತದಿಂದ ಖಾಲಿಯಾಗುತ್ತದೆ. ಎರಡನೇ ವಯಸ್ಸಿನಲ್ಲಿ ಬಣ್ಣ ನೆಕ್ಕಿದ ಮಗುವಿನ ರಕ್ತವನ್ನು ಏಳನೇ ವಯಸ್ಸಿನಲ್ಲಿ ತೆಗೆದರೆ ಏನು ಗೊತ್ತಾದೀತು? ಸೀಸ ಕ್ಯಾಲ್ಸಿಯಂನ ವೇಷ ಹಾಕಿ ಮೂಳೆಯೊಳಗೆ ಸೇರಿಕೊಂಡು ವರ್ಷಗಟ್ಟಲೆ ಕೂರುತ್ತದೆ, ನಿಜ. ಹಾಗೆಂದು ಆರೋಗ್ಯವಂತ ಮಕ್ಕಳ ಮೂಳೆ ಕೆತ್ತಲು ಯಾವ ತಾಯಿ ಬಿಟ್ಟಾಳು?

ನೀಡಲ್‌ಮನ್‌ಗೆ ಹೊಳೆದದ್ದು ಹಾಲುಹಲ್ಲು. ಅದೂ ಮೂಳೆಯ ಜಾತಿಯದೇ, ತಾನಾಗಿಯೇ ಬೀಳುತ್ತದೆ, ಯಾರಿಗೂ ನೋವಿಲ್ಲ. ನಮ್ಮ ಹಳ್ಳಿಗಳಲ್ಲಿ ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತಿದ್ದೆವು. ಅಮೆರಿಕದ ಮಕ್ಕಳು ದಿಂಬಿನಡಿ ಇಡುತ್ತಾರೆ. ಆ ಹಲ್ಲನ್ನು ನೀಡಲ್‌ಮನ್ ಪ್ರಯೋಗಾಲಯಕ್ಕೆ ಕೇಳಿ ಪಡೆದರು. ಪರಿಸರದ ಮಾಲಿನ್ಯ ದೇಹದೊಳಗೆ ಬಿಟ್ಟುಹೋಗುವ ಇಂಥ ಗುರುತಿಗೆ ಈಗ ಬಯೋಮಾರ್ಕರ್ ಎಂಬ ಹೆಸರಿದೆ. 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೊದಲ ಫಲಿತಾಂಶ ಬಂತು: ಫಿಲಡೆಲ್ಫಿಯಾ ನಗರದೊಳಗಿನ ಮಕ್ಕಳ ಹಲ್ಲಿನಲ್ಲಿದ್ದ ಸೀಸ, ಹೊರವಲಯದ ಅನುಕೂಲಸ್ಥರ ಮಕ್ಕಳ ಹಲ್ಲಿನಲ್ಲಿದ್ದುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು.

ಮುಂದಿನ ಕೆಲಸ ಬಾಸ್ಟನ್ ಪಕ್ಕದ ಚೆಲ್ಸಿ ಮತ್ತು ಸಾಮರ್‌ವಿಲ್ ಊರುಗಳ ಶಾಲೆಗಳಲ್ಲಿ. ಒಂದು, ಎರಡನೇ ತರಗತಿಯ ಮಕ್ಕಳು ಬಿದ್ದ ಹಲ್ಲನ್ನು ತಂದುಕೊಡಬೇಕು. ಟೀಚರು ಮಗುವಿನ ಬಾಯಿ ತೆರೆಸಿ, ಒಸಡಿನಲ್ಲಿ ಹೊಸ ಕುಳಿ ಇದೆಯೇ ಎಂದು ನೋಡಿಯೇ ಹಲ್ಲು ಸ್ವೀಕರಿಸಬೇಕು. ಅಣ್ಣನ ಹಲ್ಲನ್ನೋ ಪಕ್ಕದ ಮನೆಯವನದನ್ನೋ ತಂದುಬಿಟ್ಟರೆ ಲೆಕ್ಕವೆಲ್ಲ ಕೆಡುತ್ತದಲ್ಲ! 3,329 ಮಕ್ಕಳ ಪೈಕಿ 2,335 ಮಂದಿ ಹಲ್ಲು ಕೊಟ್ಟರು. ಹಲ್ಲನ್ನು ಸೀಳಿ, ಒಳಗಿನ ಡೆಂಟಿನ್ ಪದರವನ್ನು ಕರಗಿಸಿ ಸೀಸ ಅಳೆದರು. ಅತಿ ಹೆಚ್ಚು ಸೀಸವಿದ್ದ 58 ಮಕ್ಕಳನ್ನೂ ಅತಿ ಕಡಿಮೆಯಿದ್ದ 100 ಮಕ್ಕಳನ್ನೂ ಆರಿಸಿ ಪರೀಕ್ಷೆಗೆ ಕೂರಿಸಿದರು. ಯಾವ ಮಗು ಯಾವ ಗುಂಪಿನದು ಎಂಬುದು ಪರೀಕ್ಷೆ ಮಾಡುವವರಿಗೆ ಗೊತ್ತಿರಲಿಲ್ಲ. ಈ ಮಕ್ಕಳಲ್ಲಿ ಒಬ್ಬರಿಗೂ ಸೀಸದ ಕಾಯಿಲೆಯ ಲಕ್ಷಣ ಇರಲಿಲ್ಲ ಎಂಬುದನ್ನು ಮರೆಯಬಾರದು.

1979ರ ಮಾರ್ಚ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಕಡಿಮೆ ಸೀಸದ ಮಕ್ಕಳ ಸರಾಸರಿ ಐಕ್ಯೂ 106.6, ಹೆಚ್ಚು ಸೀಸದವರದು 102.1. ನಾಲ್ಕೂವರೆ ಅಂಕ ಯಾವ ದೊಡ್ಡ ಮಾತು ಎನ್ನಿಸಬಹುದು. ಆದರೆ ಸರಾಸರಿ ಅಷ್ಟು ಜಾರಿದರೆ ತುದಿಗಳಲ್ಲಿ ಅನಾಹುತವಾಗುತ್ತದೆ. ಕಡಿಮೆ ಸೀಸದವರಲ್ಲಿ ನೂರಕ್ಕೆ ಐವರು 125 ದಾಟಿದ್ದರು. ಹೆಚ್ಚು ಸೀಸದವರಲ್ಲಿ ಒಬ್ಬರೂ ದಾಟಲಿಲ್ಲ. ಟೀಚರುಗಳು ತುಂಬಿಕೊಟ್ಟ ಪ್ರಶ್ನೆಪಟ್ಟಿಯೂ ಅದನ್ನೇ ಹೇಳಿತು. ಹಲ್ಲಿನಲ್ಲಿ ಸೀಸ ಏರಿದಂತೆಲ್ಲ ಗಮನ ಚದುರುವ, ಹೇಳಿದ್ದು ತಲೆಗೆ ಹೋಗದ ಮಕ್ಕಳ ಸಂಖ್ಯೆಯೂ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು.

ಸೀಸದ ಉದ್ಯಮಕ್ಕೆ ಇದು ಸಹಿಸುವ ಮಾತಾಗಿರಲಿಲ್ಲ. ಉದ್ಯಮದ ಪರ ಕೋರ್ಟಿನಲ್ಲಿ ನಿಂತಿದ್ದ ಇಬ್ಬರು ಮನಶ್ಶಾಸ್ತ್ರಜ್ಞರು 1991ರಲ್ಲಿ ನೀಡಲ್‌ಮನ್ ಮೇಲೆ ಸಂಶೋಧನಾ ವಂಚನೆಯ ದೂರು ಕೊಟ್ಟರು. ವಿಚಾರಣೆ ಬಹಿರಂಗವಾಗಿಯೇ ನಡೆಯಲಿ ಎಂದು ನೀಡಲ್‌ಮನ್ ಪಟ್ಟುಹಿಡಿದರು. ಲೆಕ್ಕದಲ್ಲಿ ಕೆಲವು ತಪ್ಪುಗಳು ಸಿಕ್ಕವು, ವಂಚನೆ ಸಿಗಲಿಲ್ಲ. ಅಷ್ಟರಲ್ಲಿ ಬೇರೆ ದೇಶಗಳ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿಸಿದ್ದವು. ರಕ್ತದ ಸೀಸಕ್ಕೆ 60 ಮೈಕ್ರೋಗ್ರಾಂ ಇದ್ದ ಗಡಿ ಹಂತಹಂತವಾಗಿ ಇಳಿದು ಅದೇ 1991ರಲ್ಲಿ 10 ಆಯಿತು. 2021ರಿಂದ ಅಮೆರಿಕದಲ್ಲಿ ಅದು 3.5.

ಈ 10ರ ಅಳತೆಗೋಲು ಬೆಂಗಳೂರಿಗೂ ಬಂತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಷನ್ ಸೇರಿ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದರು. ಸೀಸ ಬೆರೆಸಿದ ಪೆಟ್ರೋಲಿನ ಹೊಗೆ ದಿನವೂ ಮೈಗೆ ತುಂಬುತ್ತಿದ್ದುದರಿಂದ ಇಲ್ಲಿ ರಕ್ತವೇ ಸಾಕಾಯಿತು. ಹಳೆಯದನ್ನು ಕೆದಕುವ ಅಗತ್ಯವಿರಲಿಲ್ಲ. 1999ರಲ್ಲಿ ಹೊರಬಂದ ವರದಿಯ ಪ್ರಕಾರ ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 10ರ ಗಡಿ ಮೀರಿದ್ದರು. ಮರುವರ್ಷ, 2000ದಲ್ಲಿ, ದೇಶದ ಪೆಟ್ರೋಲ್ ಬಂಕುಗಳಲ್ಲಿ ಸೀಸದ ಪೆಟ್ರೋಲ್ ನಿಂತಿತು.

ಬಣ್ಣದ ಸರದಿ ಬಂದದ್ದು ಬಹಳ ತಡವಾಗಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಇಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣ ನಮ್ಮ ಎಷ್ಟೋ ಕಿಟಕಿ, ಗ್ರಿಲ್, ತೊಟ್ಟಿಲುಗಳ ಮೇಲೆ ಇನ್ನೂ ಇದೆ. ಹಬ್ಬಕ್ಕೆ ಪೇಂಟ್ ಮಾಡಿಸುವವರು ಡಬ್ಬಿಯ ಮೇಲೆ ಸೀಸದ ಪ್ರಮಾಣ ಬರೆದಿದೆಯೇ ಎಂದು ನೋಡಿ ಕೊಳ್ಳಿ. ಹಳೇ ಬಣ್ಣವನ್ನು ಒಣದಾಗಿ ಉಜ್ಜಿಸಬೇಡಿ, ನೀರು ಚಿಮುಕಿಸಿ ಉಜ್ಜಿಸಿ. ಆ ಕೆಲಸ ಮುಗಿದು ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ಮನೆಯಿಂದ ಆಚೆ ಇಡಿ.